ಪ್ರೊಖೊರ್ ಲಾದಿಗಿನ್ ಬರೆದ ಏಳನೆಯ ಹಾಳೆ

ನಮ್ಮಲ್ಲಿ ಹುಟ್ಟುವುದು ಸುಲಭ, ಹುಟ್ಟಿದ್ದೇನೆಂದು ಬರೆದುಕೊಡುವುದೇ ಕಷ್ಟ. ಬಟ್ಟೆ ಗಿರಣಿಗೆ ಸೇರಬೇಕೆಂದರೆ ಬರಿ, ಕಾರ್ಮಿಕ ಸಂಘದ ಚೀಟಿ ಬೇಕೆಂದರೆ ಬರಿ, ಪದಕ ಕೊಟ್ಟರೂ ಬರಿ, ಕಿತ್ತುಕೊಂಡರೂ ಬರಿ. ಅಚ್ಚು ಹಾಕಿದ ನಮೂನೆ ತುಂಬಿದರೆ ಸಾಲದು. ಒಂದು ಬಿಳಿ ಹಾಳೆ ಕೊಡುತ್ತಾರೆ. ಅದರಲ್ಲಿ ನೀನೇ, ನಿನ್ನ ಕೈಯಾರೆ, "ನಾನು ಇಂಥವನು, ಇಂಥ ವರ್ಷ ಇಂಥಲ್ಲಿ ಹುಟ್ಟಿದೆ" ಎಂದು ಶುರು ಮಾಡಿ ನಿನ್ನೆಯ ತನಕದ ಬದುಕನ್ನು ಒಂದೂವರೆ ಪುಟದಲ್ಲಿ ಹೇಳಿ ಸಹಿ ಹಾಕಬೇಕು. ಸಿಬ್ಬಂದಿ ವಿಭಾಗದವರು ಅದನ್ನು ನಿನ್ನ ಕಡತಕ್ಕೆ ಸೇರಿಸಿ, ಹಳೆಯ ಹಾಳೆಗಳ ಜೊತೆ ಹೋಲಿಸಿ, ದಾರ ಕಟ್ಟಿ ಕಪಾಟಿನಲ್ಲಿಡುತ್ತಾರೆ. ಹೀಗೆ ವೋಲ್ಗಾ ದಂಡೆಯ ನಮ್ಮ ಗಿರಣಿ ಊರಿನಲ್ಲಿ ಪ್ರತಿಯೊಬ್ಬನೂ ಮೂರು ನಾಲ್ಕು ಸಲ ಆತ್ಮಕಥೆ ಬರೆದವನೇ.

ಪ್ರೊಖೊರ್ ಸವ್ವಿಚ್ ಲಾದಿಗಿನ್ ಯುದ್ಧ ಮುಗಿದ ಐದೇ ವರ್ಷಗಳಲ್ಲಿ ಆರು ಸಲ ಬರೆದ. ಆರರಲ್ಲೂ ಒಂದೇ ಒಂದು ಸುಳ್ಳಿತ್ತು.

ಮಿಕ್ಕಿದ್ದೆಲ್ಲ ಸಾಚಾ. ಅಪ್ಪ ಸವ್ವಾ ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕೆಲಸಕ್ಕಿದ್ದವನು. ಆ ಮನುಷ್ಯನ ಕೈ ಒಂದು ದಿನವಾದರೂ ಕೈಯ ಬಣ್ಣದಲ್ಲಿದ್ದುದನ್ನು ಯಾರೂ ಕಂಡಿಲ್ಲ. ಮಗ ಹಾಳು ನೂಲನ್ನು ಸುತ್ತಿ ಸುತ್ತಿ ಚೆಂಡು ಮಾಡಿಕೊಂಡು ಗೋದಾಮಿನ ಗೋಡೆಗೆ ಒದೆಯುತ್ತ ಬೆಳೆದ. ಹದಿನೇಳಕ್ಕೆ ಗಿರಣಿಯ 'ಕೆಂಪು ಮಗ್ಗ' ಫುಟ್‌ಬಾಲ್ ತಂಡದ ಎಡಬದಿಗೆ ನಿಂತ. ಎತ್ತರದವನಲ್ಲ, ನೋಡಲು ಅಂಥ ಚೆಲುವನೂ ಅಲ್ಲ, ಆದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ಕಾಯುತ್ತಿದ್ದ. ಭಾನುವಾರ ಮೈದಾನದ ಹಲಗೆಯ ಮೆಟ್ಟಿಲುಗಳ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಕೂರುತ್ತಿದ್ದ ನೇಕಾರ ಹೆಂಗಸರು ಅವನನ್ನು ಮುದ್ದಾಗಿ ಪ್ರೋಶಾ ಎಂದೇ ಕೂಗುತ್ತಿದ್ದರು. ಅವನ ಎಡಗಾಲಿಗೆ ಕಣ್ಣಿದೆ, ಬಲಗಾಲು ಬರೀ ನಿಲ್ಲುವುದಕ್ಕೆ ಇಟ್ಟುಕೊಂಡಿದ್ದಾನೆ ಎಂದು ಅವರ ತಮಾಷೆ. ಅವರಲ್ಲೇ ಒಬ್ಬಳು, ಕಪಿತೊಲಿನಾ ಎಂಬ ಚುರುಕು ನಾಲಿಗೆಯ ಹುಡುಗಿ, ಅವನನ್ನು ಮದುವೆಯಾದಳು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಜರ್ಮನ್ನರ ಜೊತೆ ಯುದ್ಧ ಬಂತು, ತಂಡಕ್ಕೆ ತಂಡವೇ ಸೈನ್ಯಕ್ಕೆ ಹೋಯಿತು. ಹನ್ನೊಂದು ಜನರಲ್ಲಿ ವಾಪಸು ಬಂದವರು ಮೂವರು. ಪ್ರೊಖೊರ್ ಕಾಲಾಳಾಗಿದ್ದ, ಕೊನೆಗೆ ಜರ್ಮನಿಯ ಕೋನಿಗ್ಸ್‌ಬರ್ಗ್ ಕೋಟೆಯ ತನಕ ನಡೆದುಹೋಗಿ, ಭುಜದಲ್ಲಿ ಒಂದು ಚೂರು ಕಬ್ಬಿಣ, ಎದೆಯ ಮೇಲೆ ಎರಡು ಪದಕ ಹೊತ್ತು ಬಂದ. ಇದೂ ನಿಜವೇ.

ಸುಳ್ಳಿದ್ದದ್ದು ನಡುವಿನ ಏಳು ತಿಂಗಳಲ್ಲಿ. "ನಲವತ್ತೆರಡರ ಜುಲೈಯಲ್ಲಿ ಡಾನ್ ನದಿಯ ಬಯಲಿನಲ್ಲಿ ತುಕಡಿಯಿಂದ ಬೇರ್ಪಟ್ಟು, ಗಾಯಗೊಂಡ ಸ್ಥಿತಿಯಲ್ಲಿ, ರೈತ ಮಹಿಳೆ ಉಸ್ತಿನ್ಯಾ ಅವರ ಮನೆಯಲ್ಲಿ, ನಮ್ಮ ಸೇನೆ ಬರುವವರೆಗೆ, ಅಡಗಿದ್ದೆ" ಎಂದು ಅವನು ಬರೆಯುತ್ತಿದ್ದ. ಉಸ್ತಿನ್ಯಾ ಇದ್ದದ್ದು ಹೌದು, ಅವಳ ದನದ ಕೊಟ್ಟಿಗೆಯಲ್ಲಿ ಅವನು ಅಡಗಿದ್ದೂ ಹೌದು. ಆದರೆ ಎರಡೇ ವಾರ. ಅದಕ್ಕೆ ಮುಂಚಿನ ಆರೂವರೆ ತಿಂಗಳು ಅವನು ಜರ್ಮನ್ನರ ಸೆರೆಯಲ್ಲಿದ್ದ. ತಂತಿಬೇಲಿ ಸುತ್ತಿದ ಒಂದು ಕೊರಕಲು. ಮೇಲೆ ಸೂರಿಲ್ಲ. ಹುಲ್ಲು ಮುಗಿದ ಮೇಲೆ ಜನ ಬೇರು ಕಿತ್ತು ತಿಂದರು. ಪಕ್ಕದ ರೈಲು ನಿಲ್ದಾಣದ ಕಾವಲಿನವರಿಗೆ ಒಂದು ದಿನ ಚೆಂಡಾಟದ ಹುಕಿ ಬಂತು. ಆಡಬಲ್ಲವರು ಯಾರಿದ್ದೀರೆಂದು ಕೇಳಿದಾಗ ಅವನ ತುಕಡಿಯವನೇ ಒಬ್ಬ ಪ್ರೊಖೊರನತ್ತ ಬೆರಳು ತೋರಿಸಿದ. ನಿಲ್ಲಲೂ ತ್ರಾಣವಿಲ್ಲದ ಹನ್ನೊಂದು ಜನ ಆಡಿದರು. ಆಡಿದವನಿಗೆ ಒಂದೊಂದು ಬ್ರೆಡ್ಡು. ಜನವರಿಯಲ್ಲಿ ಸೆರೆಯಾಳುಗಳನ್ನು ಪಶ್ಚಿಮಕ್ಕೆ ಅಟ್ಟಿಕೊಂಡು ಹೋಗುವಾಗ ಹಿಮಗಾಳಿಯಲ್ಲಿ ಸಾಲಿನಿಂದ ಹೊರಗೆ ಉರುಳಿಕೊಂಡ. ಉಸ್ತಿನ್ಯಾ ಎಳೆದು ಒಳಗೆ ಹಾಕಿದಳು. ಎರಡು ವಾರಕ್ಕೆ ನಮ್ಮವರು ಬಂದರು. ಜನ ಬೇಕಾಗಿದ್ದ ಆ ಹೊತ್ತಿನಲ್ಲಿ ಯಾರೂ ಜಾಸ್ತಿ ಕೇಳಲಿಲ್ಲ. ಬಂದೂಕು ಕೊಟ್ಟು ಮುಂದಕ್ಕೆ ತಳ್ಳಿದರು.

ಶತ್ರುವಿಗೆ ಸೆರೆಸಿಕ್ಕವನನ್ನು ಆ ವರ್ಷಗಳಲ್ಲಿ ನಮ್ಮವರು ದ್ರೋಹಿ ಎಂದೇ ಕರೆಯುತ್ತಿದ್ದರು. ಸೆರೆಸಿಕ್ಕಿದ್ದನ್ನು ಬಚ್ಚಿಟ್ಟವನಿಗಂತೂ ಸೈಬೀರಿಯಾದ ಸೆರೆಶಿಬಿರದ ದಾರಿ ಸಿದ್ಧವಾಗಿಯೇ ಇತ್ತು. ಹೆಂಡತಿಯ ಕೆಲಸ ಹೋಗುತ್ತಿತ್ತು, ಮಗಳು ಶಾಲೆಯಲ್ಲಿ ದ್ರೋಹಿಯ ಮಗಳಾಗುತ್ತಿದ್ದಳು. ಅದಕ್ಕೇ ಪ್ರೊಖೊರ್ ಬಾಯಿಗೆ ಬೀಗ ಹಾಕಿಕೊಂಡ. ಕಪಿತೊಲಿನಾಗೂ ಹೇಳಲಿಲ್ಲ. ನಲವತ್ತೈದರಲ್ಲಿ ಮೊದಲ ಸಲ ಬರೆದುಕೊಟ್ಟಾಗ ಅದರ ನಕಲೊಂದನ್ನು ಇಟ್ಟುಕೊಂಡು, ಆಟದ ಬೂಟಿನ ಒಳಅಟ್ಟೆಯ ಕೆಳಗೆ ಮಡಚಿಟ್ಟ. ಮುಂದೆ ಕೇಳಿದಾಗಲೆಲ್ಲ ಆ ನಕಲನ್ನು ತೆಗೆದು, ಒಂದಕ್ಷರ ಆಚೀಚೆ ಆಗದ ಹಾಗೆ ಇಳಿಸಿಕೊಡುತ್ತಿದ್ದ. ಒಂದು ಸಲ ಹೇಳಿದ್ದಕ್ಕೂ ಇನ್ನೊಂದು ಸಲ ಹೇಳಿದ್ದಕ್ಕೂ ತಾಳೆಯಾಗದೆ ಎಷ್ಟು ಜನ ಸಿಕ್ಕಿಬಿದ್ದಿರಲಿಲ್ಲ! ತಾನು ಬಲು ಜಾಣ ಎಂದುಕೊಂಡಿದ್ದ, ಪಾಪ.

ಐವತ್ತನೆಯ ಇಸವಿಯ ಆಗಸ್ಟಿನಲ್ಲಿ 'ಕೆಂಪು ಮಗ್ಗ' ಪ್ರಾಂತದ ಪಂದ್ಯಾವಳಿಯ ಕಪ್ ಗೆದ್ದಿತು. ಜವಳಿ ಕಾರ್ಮಿಕರ ತಂಡವೊಂದು ಬಲ್ಗೇರಿಯಾಕ್ಕೆ ಹೋಗಿ ಆಡಿಬರಲಿದೆ, ಅದರಲ್ಲಿ ನಮ್ಮ ಲಾದಿಗಿನ್ ಹೆಸರೂ ಇದೆ ಎಂದು ಮಾಸ್ಕೋದಿಂದ ಕಾಗದ ಬಂತು. ಊರಿಗೆ ಊರೇ ಕುಣಿಯಿತು. ಕಪಿತೊಲಿನಾ ಅಲ್ಲಿಂದ ತರಬೇಕಾದ ಸಾಮಾನಿನ ಪಟ್ಟಿ ಹೇಳತೊಡಗಿದಳು. ಪ್ರೊಖೊರ್ ಮಾತ್ರ ಕುಣಿಯಲಿಲ್ಲ. ಗಡಿ ದಾಟುವವನ ಬದುಕನ್ನು ಬೇರೆಯದೇ ಕಣ್ಣುಗಳು, ಗುಪ್ತ ಪೊಲೀಸರವು, ಓದುತ್ತವೆ. ಹೋಗುವುದಿಲ್ಲ ಎನ್ನುವ ಹಾಗೂ ಇಲ್ಲ; ಯಾಕೆ ಹೋಗುವುದಿಲ್ಲ ಎಂದು ಕೇಳುವುದಕ್ಕೂ ಅದೇ ಕಣ್ಣುಗಳಿವೆ. ನಕಲು ತೆಗೆದು ಆರನೆಯ ಸಲ ಬರೆದುಕೊಟ್ಟ. ಮೂರನೆಯ ದಿನ ಸಿಬ್ಬಂದಿ ವಿಭಾಗದಿಂದ ಕರೆ ಬಂತು.

ವಿಭಾಗದ ಮುಖ್ಯಸ್ಥ ನಿಕಾಂದ್ರ್ ಇಪ್ಪೊಲಿತೊವಿಚ್ ಸುತ್ಯಾಗಿನ್. ಬಲಗೈಯನ್ನು ಯುದ್ಧದಲ್ಲಿ ಬಿಟ್ಟುಬಂದ ಕ್ಯಾಪ್ಟನ್. ಎಡಗೈಯಲ್ಲೇ ಬರೆಯುವುದು ಕಲಿತಿದ್ದ, ಎಡಗೈಯಲ್ಲೇ ಬಯ್ಯುತ್ತಿದ್ದ ಎಂದು ಜನ ಹೇಳುತ್ತಿದ್ದರು, ಅಷ್ಟು ಕೈ ಬೀಸಿ ಮಾತಾಡುತ್ತಿದ್ದ. ಅಂದು ಬಯ್ಯಲಿಲ್ಲ. ಬಾಗಿಲಿಗೆ ಚಿಲಕ ಹಾಕಿಸಿ, ಮೇಜಿನ ಮೇಲೆ ಆರು ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟ.

"ಓದು," ಎಂದ.

ಪ್ರೊಖೊರ್ ಓದಿದ ಹಾಗೆ ಮಾಡಿದ. ಅಕ್ಷರಗಳು ಕಣ್ಣಿಗೆ ಕಾಣುತ್ತಿರಲಿಲ್ಲ.

"ನಾನು ಎಷ್ಟು ಜನದ ಬದುಕು ಓದಿದೀನಿ ಗೊತ್ತಾ? ಸಾವಿರ ದಾಟಿದೆ," ಎಂದ ಸುತ್ಯಾಗಿನ್. "ನೆಟ್ಟಗಿರೋ ಮನುಷ್ಯ ಒಂದು ಸಲ ಮೇ ಅಂತಾನೆ, ಇನ್ನೊಂದು ಸಲ ಜೂನ್ ಅಂತಾನೆ. ಒಂದ್ಸಲ ಅತ್ತೆ ಹೆಸರು ಮರೀತಾನೆ. ನೀನು? ಆರು ಹಾಳೆ, ಒಂದೇ ಥರ. ಈ 'ಗಾಯಗೊಂಡ ಸ್ಥಿತಿಯಲ್ಲಿ' ಅನ್ನೋದರ ಮುಂದೆ ಅಲ್ಪವಿರಾಮ. ಆರರಲ್ಲೂ ಅದೇ ಅಲ್ಪವಿರಾಮ. ಬೇರೆ ಕಡೆ ಒಂದು ಚುಕ್ಕಿನೂ ನೆಟ್ಟಗೆ ಹಾಕೋಕೆ ಬರದವನು ನೀನು."

ಕೋನಿಗ್ಸ್‌ಬರ್ಗಿನ ಕೋಟೆಯ ಗೋಡೆಗೆ ಏಣಿ ಹಾಕುವಾಗಲೂ ಪ್ರೊಖೊರನಿಗೆ ಇಷ್ಟು ಭಯವಾಗಿರಲಿಲ್ಲ. ಅಲ್ಲಿ ಸಾಯುವವನು ಅವನೊಬ್ಬನೇ. ಇಲ್ಲಿ ಕಪಿತೊಲಿನಾ ಇದ್ದಳು, ಎಂಟು ವರ್ಷದ ಮಗಳು ತಾಯಾ ಇದ್ದಳು.

ಸುತ್ಯಾಗಿನ್ ಖಾಲಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿದ. ಇಲ್ಲೇ ಕೂತು, ಏನನ್ನೂ ನೋಡಿಕೊಳ್ಳದೆ, ಮತ್ತೆ ಬರಿ ಎಂದ. ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ.

ಬರೆಯುವಾಗ ನಲವತ್ತೆರಡರ ಜುಲೈ ಬಂತು. ಪೆನ್ನು ನಿಂತಿತು. ಬೂಟಿನೊಳಗಿನ ಸಾಲು ಅವನಿಗೆ ಬಾಯಿಪಾಠವಿತ್ತು, ಅಲ್ಪವಿರಾಮ ಒಂದನ್ನು ಬಿಟ್ಟು ಬರೆದಿದ್ದರೂ ಆಗುತ್ತಿತ್ತೇನೋ. ಆದರೆ ಐದು ವರ್ಷ ಒಂದೇ ಮಾತನ್ನು ಹೊತ್ತು ಹೊತ್ತು ಅವನಿಗೆ ಸಾಕಾಗಿಹೋಗಿತ್ತು. ಬರೆದುಬಿಟ್ಟ. ಕೊರಕಲು, ತಂತಿಬೇಲಿ, ಬೇರು, ಹಿಮಗಾಳಿ ಎಲ್ಲವನ್ನೂ ಬರೆದ. ಚೆಂಡಾಟದ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿ, ಸಹಿ ಹಾಕಿ, ತಲೆಬಗ್ಗಿಸಿ ಕೂತ.

ಸುತ್ಯಾಗಿನ್ ಎರಡು ಸಲ ಓದಿದ. ಕುರ್ಚಿಯಲ್ಲಿ ಕೂತು ಗಲ್ಲ ತಿಕ್ಕಿಕೊಂಡ.

"ನನ್ನ ತುಕಡಿಯಲ್ಲಿ ನೂರಾ ನಲವತ್ತು ಜನ ಇದ್ರು," ಎಂದ. "ಒಂದು ಬೆಳಿಗ್ಗೆ ಹೊತ್ತಲ್ಲಿ ಎಲ್ಲಾ ಹೋದ್ರು. ಅವರಲ್ಲಿ ಒಬ್ಬ ಸೆರೆಯಿಂದ ತೆವಳ್ಕೊಂಡು ವಾಪಸ್ ಬಂದಿದ್ರೂ ನಾನು ಅವನ ಕಾಲು ಹಿಡೀತಿದ್ದೆ. ಈಗ ಕೇಳು. ನಾನು ಕಾಗದ ಸುಡೋನಲ್ಲ. ಬರೆದದ್ದು ಕಡತಕ್ಕೆ ಹೋಗತ್ತೆ, ಸಂಖ್ಯೆ ಹಾಕಿ ಸೇರಿಸ್ತೀನಿ. ಆದ್ರೆ ಕಡತ ತೆಗೆಯೋದು ಯಾವಾಗ? ಮನುಷ್ಯ ಏನಾದ್ರೂ ಕೇಳಿದಾಗ. ಪ್ರಯಾಣ, ಬಡ್ತಿ, ಮನೆ, ಪದಕ. ಏನೂ ಕೇಳದೇ ಇರೋನ ಕಡತಕ್ಕೆ ಧೂಳು ಹಿಡಿಯತ್ತೆ. ನೀನು ಇನ್ಮೇಲೆ ಏನೂ ಕೇಳಬೇಡ. ಬಲ್ಗೇರಿಯಾಕ್ಕೆ ಹೋಗಲ್ಲ ಅಂತ ನೀನೂ ಹೇಳ್ಬೇಡ, ನಾನೂ ಹೇಳಲ್ಲ. ನಿನ್ನ ಮಂಡಿ ಹೇಳಲಿ."

ಮುಂದಿನ ಭಾನುವಾರ ಇಟ್ಟಿಗೆ ಕಾರ್ಖಾನೆಯವರ ಮೇಲೆ ಆಟ. ಮೆಟ್ಟಿಲುಗಳ ಮೇಲೆ ಮೂರು ಸಾವಿರ ಜನ. ಪ್ರೊಖೊರನಿಗೆ ಜೀವಮಾನದಲ್ಲಿ ಬೀಳುವುದಕ್ಕೆ ಹೆದರಿಕೆಯಾದದ್ದು ಅಂದೇ. ಮೊದಲರ್ಧ ಪೂರ್ತಿ ಧೈರ್ಯ ಸಾಲದೆ ಸುಮ್ಮನೆ ಆಡಿದ. ಆಡುತ್ತ ಆಡುತ್ತ ಕಾಲಿಗೆ ಕಣ್ಣು ಬಂತು, ಎಂದಿನ ಹಾಗೆ. ಎರಡು ಸಲ ಮುಂಚೂಣಿಯವನ ಬೂಟಿನ ತುದಿಗೆ ಚೆಂಡಿಟ್ಟ. ಹೆಂಗಸರು ಎದ್ದು ಕಿರುಚಿದರು. ಇದೇ ಕೊನೆ ಎಂದು ಅವನಿಗೊಬ್ಬನಿಗೇ ಗೊತ್ತಿತ್ತು. ಎರಡನೆಯ ಅರ್ಧದಲ್ಲಿ ಎದುರಾಳಿಯ ಗೂರಿ ತೆಲೆಪ್ನೆವ್ ಎಂಬ ಇಪ್ಪತ್ತೆರಡರ ಹುಡುಗ ಚೆಂಡಿಗಾಗಿ ಜಾರಿ ಬಂದ. ತಾಗಲಿಲ್ಲ, ಒಂದು ಗೇಣು ದೂರವಿತ್ತು. ಪ್ರೊಖೊರ್ ಎಡ ಮಂಡಿ ಹಿಡಿದುಕೊಂಡು ಉರುಳಿದ. ಕಿರುಚಿದ. ಆ ಕೂಗಿನಲ್ಲಿ ನಟನೆ ಅಷ್ಟಾಗಿ ಇರಲಿಲ್ಲ.

ತೆಲೆಪ್ನೆವನನ್ನು ಹೊರಗೆ ಹಾಕಿದರು. ನೇಕಾರ ಹೆಂಗಸರು ಅವನ ಹಿಂದೆ ದೋಣಿಕಟ್ಟೆಯ ತನಕ ಹೋಗಿ, ಅವನ ಏಳು ತಲೆಮಾರಿಗೂ ಸೇರಿಸಿ ಬಯ್ದರು. ಒಂದು ವಾರ ಬಿಟ್ಟು ಆ ಹುಡುಗ ಉಪ್ಪು ಹಾಕಿದ ಅಣಬೆಯ ಜಾಡಿ ಹಿಡಿದುಕೊಂಡು ಪ್ರೊಖೊರನ ಮನೆಗೆ ಬಂದು, ಬಾಗಿಲಲ್ಲೇ ನಿಂತು ಅತ್ತ. "ನಾನು ಮುಟ್ಟೇ ಇಲ್ಲ ಅನ್ಸತ್ತೆ ಅಣ್ಣ, ಆದ್ರೆ ನೀವು ಬಿದ್ರಲ್ಲ" ಎಂದ. ಪ್ರೊಖೊರ್ ಅವನಿಗೆ ವೋದ್ಕಾ ಕುಡಿಸಿ, ನಿನ್ನ ತಪ್ಪಲ್ಲ ಕಣೋ ಎಂದು ಹತ್ತು ಸಲ ಹೇಳಿದ. ಹೇಳಿದಷ್ಟೂ ಅದು ದೊಡ್ಡ ಮನಸ್ಸಿನವನ ಮಾತಿನಂತೆ ಕೇಳಿ, ಹುಡುಗ ಇನ್ನೂ ಜೋರಾಗಿ ಅತ್ತ. ಆ ಅಣಬೆಯನ್ನು ಪ್ರೊಖೊರ್ ಬಾಯಿಗಿಡಲಿಲ್ಲ.

ಅಂದಿನಿಂದ ಅವನು ಕುಂಟಿದ. ಎರಡು ವರ್ಷ ಎರಡು ತಿಂಗಳು. ಕುಂಟುವುದು ಎಂದರೆ ಏನೆಂದು ತಿಳಿದಿದ್ದೀರಿ? ಬಸ್ಸು ಹೊರಟುಹೋಗುತ್ತಿದ್ದರೂ ಓಡುವಂತಿಲ್ಲ. ಮಂಜಿನಲ್ಲಿ ಜಾರಿದಾಗ ಎಡಗಾಲನ್ನು ಊರಿ ನಿಲ್ಲುವಂತಿಲ್ಲ, ಬೀಳಬೇಕು. ಬೀದಿಯಲ್ಲಿ ಮಕ್ಕಳ ಚೆಂಡು ಉರುಳಿ ಬಂದು ಬೂಟಿಗೆ ತಾಗಿದರೆ ಬಗ್ಗಿ ಕೈಯಲ್ಲಿ ಎತ್ತಿಕೊಡಬೇಕು. ತಂಡ ಬಿಟ್ಟ, ಮೇಸ್ತ್ರಿ ಕೆಲಸ ಕೊಡುತ್ತೇವೆಂದರೆ ಬೇಡವೆಂದ, ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎಳೆಯುವ ಕೆಲಸಕ್ಕೆ ಇಳಿದ. ವಿಜಯ ದಿನದಂದು ಯೋಧರನ್ನು ಕರೆದು ಸನ್ಮಾನಿಸುವಾಗ ಜ್ವರವೆಂದು ಮಲಗಿಬಿಟ್ಟ. ಜನ ಮೊದಲು ಪಾಪ ಅಂದರು, ಆಮೇಲೆ ಕುಡುಕನಾಗಿರಬೇಕು ಅಂದರು, ಆಮೇಲೆ ಮರೆತರು.

ಸುತ್ಯಾಗಿನ್ ಐವತ್ತೆರಡರ ಫೆಬ್ರವರಿಯ ಚಳಿಯಲ್ಲಿ ಶ್ವಾಸಕೋಶ ಕೆಟ್ಟು ತೀರಿಕೊಂಡ. ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕುಂಟುತ್ತ ನಡೆದ ಪ್ರೊಖೊರನೂ ಒಬ್ಬ. ಅವನ ಕಣ್ಣು ತುಂಬಿ ಬಂದದ್ದು ಸತ್ತವನಿಗಾಗಿಯೋ ತನಗಾಗಿಯೋ ಅವನಿಗೇ ಗೊತ್ತಾಗಲಿಲ್ಲ. ಏಳನೆಯ ಹಾಳೆ ಎಲ್ಲಿದೆ ಎಂದು ಬಲ್ಲ ಇನ್ನೊಬ್ಬ ಮನುಷ್ಯ ಈಗ ಇರಲಿಲ್ಲ.

ಪ್ರೊಖೊರ್, ಹೆಂಡತಿ, ಮಗಳು ಮೂವರೂ ಇದ್ದದ್ದು ಮರದ ಉದ್ದನೆಯ ವಠಾರದ ಒಂದು ಕೋಣೆಯಲ್ಲಿ. ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ. ಮೂಲೆಯ ಗೋಡೆ ನೀರು ಕುಡಿದು ಕುಡಿದು ಕಪ್ಪಾಗಿತ್ತು, ಆ ಮೂಲೆಯಲ್ಲಿ ತಾಯಾಳ ಹಾಸಿಗೆ. ಹುಡುಗಿ ಸೆಪ್ಟೆಂಬರಿನಿಂದ ಮೇ ತನಕ ಕೆಮ್ಮುತ್ತಿದ್ದಳು. ಗಿರಣಿಯವರು ಕಲ್ಲಿನ ಹೊಸ ಮನೆ ಕಟ್ಟುತ್ತಿದ್ದರು. ಅವನ ಜೊತೆ ಆಡಿದವರೆಲ್ಲ ಅರ್ಜಿ ಹಾಕಿದರು. ಕಪಿತೊಲಿನಾ ಹೇಳಿ ಹೇಳಿ ಸೋತಳು. ಒಂದೊಂದು ಸಲ ಕೆರಳಿ, ಕೇಳೋಕೆ ನಿನ್ನ ಮರ್ಯಾದೆ ಅಡ್ಡ ಬರುತ್ತಾ, ಮಗಳ ಕೆಮ್ಮಿಗಿಂತ ದೊಡ್ಡದಾ ನಿನ್ನ ಮರ್ಯಾದೆ ಎಂದು ಕೂಗಾಡಿದಳು. ಅವನು ಬೂಟಿನ ಲಾಡಿ ನೋಡುತ್ತ ಕೂರುತ್ತಿದ್ದ.

ಅದೇ ವರ್ಷದ ಅಕ್ಟೋಬರಿನ ಒಂದು ಮಧ್ಯಾಹ್ನ ಅವನು ಪಾಳಿ ಮುಗಿಸಿ ಬಂದಾಗ ಅವಳು ಒಲೆಯ ಹತ್ತಿರ ಎಲೆಕೋಸಿನ ಸಾರು ಕದಡುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು: ನಿನ್ನ ಹೆಸರಿನಲ್ಲಿ ನಾನೇ ಮನೆಗೆ ಅರ್ಜಿ ಬರೆದು ಹಾಕಿದ್ದೇನೆ, ಯುದ್ಧಕ್ಕೆ ಹೋಗಿಬಂದ, ಕಾಲು ಊನವಾದವರಿಗೆ ಮೊದಲ ಪಾಲಂತೆ, ಗುರುವಾರ ಮನೆ ಹಂಚುವ ಮಂಡಳಿಯ ಮುಂದೆ ಬರಬೇಕಂತೆ, ವೈದ್ಯರು ಮಂಡಿ ನೋಡುತ್ತಾರಂತೆ, ಕಡತ ಆಗಲೇ ತರಿಸಿಕೊಂಡಿದ್ದಾರಂತೆ.

ಪ್ರೊಖೊರ್ ಮಂಚದ ಅಂಚಿಗೆ ಕೂತ. ಕಡತ ತೆಗೆದರೆ ಹಾಳೆ. ಹಾಳೆ ಸಿಗದಿದ್ದರೂ ವೈದ್ಯರು ಮಂಡಿ ಮುಟ್ಟಿದರೆ ಸುಳ್ಳು ಕುಂಟ. ಮುಂದೆ ಎರಡು ದಾರಿ, ಎರಡೂ ಒಂದೇ ಊರಿಗೆ ಹೋಗುತ್ತಿದ್ದವು. ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಯಾಕೆಂದು ಕೇಳಲು ಮತ್ತೆ ಕಡತವನ್ನೇ ಬಿಚ್ಚುತ್ತಾರೆ. ತಾಯಾ ಶಾಲೆಯಲ್ಲಿದ್ದಳು. ಅವನು ಬಾಗಿಲು ಹಾಕಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಸೆರೆ, ಹಾಳೆ, ಸುತ್ಯಾಗಿನ್, ಮಂಡಿ. ಒಲೆಯ ಮೇಲೆ ಸಾರು ಉಕ್ಕಿ ಹರಿಯಿತು, ಇಬ್ಬರೂ ಏಳಲಿಲ್ಲ.

"ಸೆರೆ ವಿಷಯ ನಂಗೆ ಗೊತ್ತಿತ್ತು," ಎಂದಳು ಕಪಿತೊಲಿನಾ.

ಅವನು ಅವಳ ಮುಖ ನೋಡಿದ.

"ನಿದ್ದೇಲಿ ಎಣಿಸ್ತೀಯ ನೀನು. ಜರ್ಮನ್ನಲ್ಲಿ. ಬಂದ ಮೊದಲನೇ ವಾರದಿಂದ. ಯಾರೋ ಸಂಖ್ಯೆ ಕೂಗಿದ ಹಾಗೆ, ನೀನು ಹೌದು ಅಂದ ಹಾಗೆ. ಮಂಡಿ ವಿಷಯನೂ ಗೊತ್ತಿತ್ತು. ನಿದ್ದೆಗಣ್ಣಲ್ಲಿ ನೀರು ಕುಡಿಯೋಕೆ ಎದ್ದಾಗ ಕುಂಟಲ್ಲ ನೀನು. ವೈದ್ಯರು ನೋಡ್ತಾರೆ ಅಂತ ಅರ್ಜಿ ಹಾಕಿದ ಮೇಲಷ್ಟೇ ಹೇಳಿದ್ರು. ನೀನಾಗೇ ಹೇಳ್ತೀಯ ಅಂತ ಏಳು ವರ್ಷ ಕಾದೆ. ಆದ್ರೆ ಇದನ್ನ ಬರೆದುಕೊಟ್ಟಿದೀಯ ಅಂತ ಗೊತ್ತಿರಲಿಲ್ಲ ಕಣೋ, ದೇವರಾಣೆ ಗೊತ್ತಿರಲಿಲ್ಲ. ಗೊತ್ತಿದ್ರೆ ನನ್ನ ಕೈ ಕಡಿದ್ಕೊಳ್ತಿದ್ದೆ ಹೊರತು ಆ ಅರ್ಜಿ ಹಾಕ್ತಿರಲಿಲ್ಲ."

ಅವಳು ಅಳಲಿಲ್ಲ. ಎದ್ದು ಸಾರನ್ನು ಇಳಿಸಿ, ಒಲೆ ಒರೆಸಿ, ಅವನ ಚೀಲಕ್ಕೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಸಾಬೂನು, ಒಣ ಬ್ರೆಡ್ಡು ತುಂಬಿದಳು. ನಮ್ಮಲ್ಲಿ ಹೆಂಗಸರಿಗೆ ಸೆರೆಗೆ ಹೋಗುವವರ ಆ ಚೀಲ ತುಂಬುವುದು ಗೊತ್ತಿತ್ತು. ಗುರುವಾರದ ತನಕ ಅದು ಬಾಗಿಲ ಹಿಂದೆ ಇತ್ತು.

ಮಂಡಳಿ ಕೂತದ್ದು ಗಿರಣಿಯ ಕಚೇರಿಯ ಎರಡನೆಯ ಮಹಡಿಯಲ್ಲಿ. ಹಸಿರು ಬಟ್ಟೆ ಹಾಸಿದ ಮೇಜು, ಹಿಂದೆ ಐದು ಜನ. ನಡುವಿನಲ್ಲಿ ಅಧ್ಯಕ್ಷೆ ಸೆರಾಫಿಮಾ ಗ್ಲೆಬೊವ್ನಾ ಕುದ್ರಿನಾ. ನೇಯ್ಗೆ ವಿಭಾಗದಲ್ಲಿ ಪಾಳಿಯ ಮುಖ್ಯಸ್ಥೆ, ಪಕ್ಷದ ಸಮಿತಿಯವಳು, ನಲವತ್ತರ ಆಚೀಚೆಯ ಗಟ್ಟಿ ಹೆಂಗಸು. ಅವಳ ಗಂಡ ಮತ್ವೇಯ್ ನಲವತ್ತೆರಡರ ಬೇಸಿಗೆಯಲ್ಲಿ ದಕ್ಷಿಣದ ಕಡೆ ಸುಳಿವಿಲ್ಲದೆ ಕಾಣೆಯಾಗಿದ್ದ. ಸತ್ತನೆಂಬ ಕಾಗದ ಬಾರದ ಕಾರಣ ಅವಳು ವಿಧವೆಯಲ್ಲ, ಹತ್ತು ವರ್ಷ ಹೀಗೇ. ಅವಳ ಎದುರಿಗೆ, ಕಂದು ರಟ್ಟಿನ, ದಾರ ಕಟ್ಟಿದ ಕಡತ.

ವೈದ್ಯರು ಮೊದಲು ಕರೆದರು. ಪ್ಯಾಂಟು ಇಳಿಸಿ ಬೆಂಚಿನ ಮೇಲೆ ಮಲಗು ಎಂದರು. ಮಂಡಿ ಒತ್ತಿದರು, ಮಡಚಿದರು, ತಿರುಚಿದರು. ಪ್ರೊಖೊರ್ ಹಲ್ಲು ಕಚ್ಚಿ, ಈಗ ಎಲ್ಲಿ ನರಳಬೇಕು ಎಂದು ಲೆಕ್ಕ ಹಾಕುತ್ತಿದ್ದ. ವೈದ್ಯರು ಅಳತೆಯ ಪಟ್ಟಿ ತೆಗೆದು ಎರಡೂ ತೊಡೆಗಳಿಗೆ ಸುತ್ತಿ, ಮೇಜಿನವರ ಕಡೆ ತಿರುಗಿ, ಎಡ ತೊಡೆಯ ಮಾಂಸ ನಾಲ್ಕು ಬೆರಳು ಒಣಗಿಹೋಗಿದೆ, ಸ್ನಾಯು ಸತ್ತಿದೆ, ಈ ಕಾಲಿನಿಂದ ಈ ಮನುಷ್ಯ ಇನ್ನು ಓಡಲಾರ ಎಂದು ಬರೆಸಿದರು. ಪ್ರೊಖೊರನಿಗೆ ಬದುಕಿಕೊಂಡೆ ಎನ್ನಿಸಿದ್ದು ಒಂದು ಗಳಿಗೆ. ಆಮೇಲೆ ಅವನು ತನ್ನ ಬರಿಗಾಲನ್ನು ನೋಡಿದ. ಕೋಲಿನ ಹಾಗೆ ಬಿದ್ದಿತ್ತು. ಕುಂಟಿ ಕುಂಟಿ ತಾನೇ ಅದನ್ನು ಕೊಂದಿದ್ದ, ಅದೂ ತನಗೆ ಗೊತ್ತಾಗದ ಹಾಗೆ. ಪ್ಯಾಂಟು ಏರಿಸಿಕೊಂಡು ಮೇಜಿನ ಮುಂದೆ ಬಂದ.

ಅಷ್ಟರಲ್ಲಿ ಸೆರಾಫಿಮಾ ದಾರ ಬಿಚ್ಚಿದ್ದಳು.

ಅವಳು ನಿಧಾನದ ಹೆಂಗಸು, ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವ ಹಾಗೆ ಓದುತ್ತಿದ್ದಳು. ಮೊದಲ ಹಾಳೆ, ಎರಡನೆಯದು, ಮೂರನೆಯದು. ಪಕ್ಕದವರು ಮುಂದಿನ ಅರ್ಜಿಯ ಮಾತಾಡುತ್ತ ಸಿಗರೇಟು ಹಚ್ಚಿದರು. ಪ್ರೊಖೊರ್ ನಿಂತಿದ್ದ. ಪುಟ ಮಗುಚುವ ಸದ್ದು ಅವನಿಗೆ ಕೇಳುತ್ತಿತ್ತು. ಆರನೆಯದು. ಅವಳ ಬೆರಳು ಏಳನೆಯದರ ಮೇಲೆ ಬಂದು, ಸಾಲಿನಿಂದ ಸಾಲಿಗೆ ಇಳಿದು, ಒಂದು ಕಡೆ ನಿಂತುಬಿಟ್ಟಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕಡತವನ್ನು ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಊರಿದಳು. ಹತ್ತು ನಿಮಿಷ ಬಿಡುವು, ಎಲ್ಲರೂ ಚಹಾ ಕುಡಿದು ಬನ್ನಿ ಎಂದಳು. ಅವಳ ದನಿ ಕೆಟ್ಟಿತ್ತು.

ಉಳಿದವರು ಹೋದರು. ಹೊರಗಿನ ಬೆಂಚಿನಲ್ಲಿ ಚೀಲ ಹಿಡಿದು ಕೂತಿದ್ದ ಕಪಿತೊಲಿನಾ ತೆರೆದ ಬಾಗಿಲಿನಿಂದ ಒಂದು ಸಲ ಒಳಗೆ ನೋಡಿದಳು. ಸೆರಾಫಿಮಾ ಎದ್ದುಹೋಗಿ ಬಾಗಿಲು ಹಾಕಿದಳು. ಪ್ರೊಖೊರ್ ಕಾಯುತ್ತಿದ್ದದ್ದು ಒಂದೇ ಪ್ರಶ್ನೆಗೆ, ಇದು ನಿನ್ನ ಕೈಬರಹವೇ ಎಂಬುದಕ್ಕೆ. ಅವಳು ಅದನ್ನು ಕೇಳಲಿಲ್ಲ. ಹತ್ತಿರ ಬಂದು ನಿಂತಳು.

"ಕುದ್ರಿನ್ ಮತ್ವೇಯ್ ಅಂತ," ಎಂದಳು. "ಉದ್ದಕ್ಕಿದ್ರು. ಎಡಗಿವಿ ಸ್ವಲ್ಪ ಹರಿದಿತ್ತು, ಚಿಕ್ಕೋರಿದ್ದಾಗ ನಾಯಿ ಕಚ್ಚಿ. ಅದೇ ಬೇಸಿಗೆ, ಅದೇ ಬಯಲು. ನೀನು ಅಲ್ಲಿದ್ದೆಯಲ್ಲ. ನೋಡಿದ್ಯಾ?"

ಹೌದು ಎಂದರೆ ಸಾಕಿತ್ತು. ನೋಡಿದೆ ತಾಯಿ, ಹೆಚ್ಚು ನರಳಲಿಲ್ಲ, ನಿಮ್ಮ ಹೆಸರು ಹೇಳುತ್ತಲೇ ಕಣ್ಣು ಮುಚ್ಚಿದರು ಎಂದರೆ ಅವಳು ಅವನ ಕೈ ಹಿಡಿದು ಅಳುತ್ತಿದ್ದಳು, ಆ ಹಾಳೆಯನ್ನು ತಾನೇ ನುಂಗಿಬಿಡುತ್ತಿದ್ದಳು. ಏಳು ವರ್ಷ ಸುಳ್ಳು ಹೊತ್ತವನಿಗೆ ಇನ್ನೊಂದು ಸುಳ್ಳು ಎಷ್ಟರ ಮಾತು? ಅದು ಅವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಬಾಗಿಲ ಆಚೆ ಹೆಂಡತಿ ಇದ್ದಳು, ಶಾಲೆಯಲ್ಲಿ ಮಗಳು ಕೆಮ್ಮುತ್ತಿದ್ದಳು. ಆದರೆ ಹತ್ತು ವರ್ಷ ಕಾದ ಆ ಕಣ್ಣುಗಳನ್ನು ನೋಡುತ್ತ ಅವನಿಗೆ ಹೇಳಲಾಗಲಿಲ್ಲ.

"ನಂಗೆ ಗೊತ್ತಿಲ್ಲ, ಸೆರಾಫಿಮಾ ಗ್ಲೆಬೊವ್ನಾ," ಎಂದ. "ಸಾವಿರಾರು ಜನ ಇದ್ರು. ಇದ್ದಿರಬಹುದು."

ಅವನಿಗೆ ನಿಲ್ಲಿಸಲು ಆಗಲಿಲ್ಲ.

"ಅದರಲ್ಲಿ ಬ್ರೆಡ್ಡಿನ ವಿಷಯ ಬರೆದಿದೀನಿ, ಒಂದು ಸಾಲು. ಪೂರ್ತಿ ಬರೆದಿಲ್ಲ. ಆಟ ನಡೀವಾಗ ನಮ್ಮೋರೆಲ್ಲ ತಂತಿ ಹತ್ರ ಬಂದು ನಿಂತಿದ್ರು. ನಾನು ಚೆನ್ನಾಗಿ ಆಡಿದೆ. ಖುಷಿಯಾಯ್ತು ನಂಗೆ, ಅಲ್ಲೂ ಖುಷಿಯಾಯ್ತು. ಆಟ ಮುಗೀತು, ಬ್ರೆಡ್ಡು ಕೊಟ್ರು. ತಂತಿ ಆಚೆಯಿಂದ ಕೈ ಚಾಚಿದ್ರು. ಎಷ್ಟೊಂದು ಕೈ. ನಾನು ಅವರಿಗೆ ಬೆನ್ನು ಹಾಕಿ ಕೂತು ಪೂರ್ತಿ ತಿಂದೆ. ಒಬ್ಬನೇ ತಿಂದೆ. ನಿಮ್ಮೋರು ಅಲ್ಲಿದ್ರೋ ಇಲ್ವೋ ನಂಗೆ ಗೊತ್ತಿಲ್ಲ, ಯಾಕಂದ್ರೆ ನಾನು ಯಾರ ಮುಖಾನೂ ನೋಡ್ಲಿಲ್ಲ."

ಕೆಳಗೆ ಗಿರಣಿಯ ಮಗ್ಗಗಳು ಓಡುತ್ತಿದ್ದವು, ನೆಲ ಸಣ್ಣಗೆ ನಡುಗುತ್ತಿತ್ತು. ಸೆರಾಫಿಮಾ ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು, ಬಿದ್ದುಹೋಗದಿರಲು ಎಂಬಂತೆ. ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನೋಡ್ಬೇಕಿತ್ತು ಕಣೋ ನೀನು," ಎಂದಳು ಮೆಲ್ಲಗೆ. "ಒಂದು ಸಲ ತಿರುಗಿ ನೋಡ್ಬೇಕಿತ್ತು."

ತೋಳು ಬಿಟ್ಟಳು. ಮೇಜಿನ ಹಿಂದೆ ಹೋಗಿ ಕೂತು, ಮೂಗು ಒರೆಸಿಕೊಂಡು, ಕಡತಕ್ಕೆ ದಾರ ಸುತ್ತಿದಳು. ಗಂಟು ಹಾಕಿ, ಇನ್ನೊಂದು ಗಂಟು ಹಾಕಿದಳು. ವೈದ್ಯರ ಚೀಟಿಯ ಕೆಳಗೆ "ಕಡತ ಪರಿಶೀಲಿಸಲಾಗಿದೆ, ಆಕ್ಷೇಪವಿಲ್ಲ" ಎಂದು ಬರೆದು ಸಹಿ ಮಾಡಿದಳು. ಆ ಸಹಿಯ ಗುಟ್ಟು ಹೊರಬಿದ್ದರೆ ಚೀಲ ತುಂಬಿಕೊಂಡು ಹೊರಡಬೇಕಾದವಳು ಅವಳೇ, ಅದು ಇಬ್ಬರಿಗೂ ಗೊತ್ತಿತ್ತು. ಹೋಗು, ಹೋಗುವಾಗ ಮುಂದಿನವರನ್ನು ಕಳಿಸು ಎಂದಳು.

ಪ್ರೊಖೊರ್ ಹೊರಗೆ ಬಂದ. ಕಪಿತೊಲಿನಾ ಚೀಲ ಎದೆಗವಚಿಕೊಂಡು ಎದ್ದು ನಿಂತಳು. ಮನೆ ಸಿಕ್ಕಿತು ಎಂದು ಹೇಳಲು ಬಾಯಿ ತೆರೆದ, ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹತ್ತು ವರ್ಷ ತಾನು ಸಿಕ್ಕಿಬೀಳುವೆನೆಂದು ಹೆದರಿದ್ದೇ ಹೆದರಿದ್ದು. ತಂತಿಯಾಚೆ ನಿಂತವರಿಗಾಗಿ ಅವನು ಅತ್ತದ್ದು ಅದೇ ಮೊದಲು. ಪಾಳಿ ಬಿಟ್ಟು ಬರುತ್ತಿದ್ದ ನೇಕಾರ ಹೆಂಗಸರು ಅವನನ್ನು ಬಳಸಿಕೊಂಡು ಇಳಿದುಹೋದರು. ಕಪಿತೊಲಿನಾ ಅವನ ಪಕ್ಕದಲ್ಲಿ ಕೂತು, ಏನಾಯಿತೆಂದು ಕೇಳದೆ, ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡಿದ್ದಳು.